ಎಲ್ಲರಿಗೂ ಒಂದೇ ನಕ್ಷೆ

ನಗರ ಯೋಜನೆಯ ಕಾಯ್ದೆಗೂ ಮಠದ ಪತ್ರಿಕೆಗೂ ಏನು ಸಂಬಂಧ ಎಂದು ಕೆಲವು ಶರಣ ಬಂಧುಗಳು ಕೇಳಬಹುದು. ಈ ಪತ್ರಿಕೆ ಓದುವವರಲ್ಲಿ ಹೊಲ ಉಳುವವರಿದ್ದಾರೆ, ರವಿವಾರ ಪೇಟೆಯಲ್ಲಿ ಅಂಗಡಿ ಇಟ್ಟವರಿದ್ದಾರೆ, ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವವರಿದ್ದಾರೆ, ಅದೇ ಫೌಂಡ್ರಿಯಲ್ಲಿ ಕೂಲಿಗೆ ಹೋಗುವವರೂ ಇದ್ದಾರೆ. ಊರು ಎತ್ತ ಬೆಳೆಯಬೇಕು, ಯಾರ ಹೊಲದೊಳಗೆ ರಸ್ತೆ ಹಾಯಬೇಕು, ಯಾರ ಮನೆಯಲ್ಲಿ ಮಗ್ಗ ನಡೆಯಬಹುದು ಎಂಬುದನ್ನು ನಿರ್ಧರಿಸುವ ಕಾಯ್ದೆ ಇವರೆಲ್ಲರ ಅನ್ನಕ್ಕೆ ಸಂಬಂಧಿಸಿದ್ದು. ಅನ್ನದ ಪ್ರಶ್ನೆ ಎಂದರೆ ಕಾಯಕದ ಪ್ರಶ್ನೆ. ಆದ್ದರಿಂದ ಇಲ್ಲಿ ಮಾತಾಡಲೇಬೇಕು.

ಈ ಕಾಯ್ದೆ ಬದಲಾಗಬೇಕೆಂದು ವ್ಯಾಪಾರಿಗಳು, ಉದ್ಯಮಿಗಳು, ಕಟ್ಟಡ ಕಟ್ಟಿ ಮಾರುವವರು ಬಹಳ ದಿನಗಳಿಂದ ಹೇಳುತ್ತಿದ್ದಾರೆ. ಪರವಾನಗಿ ಬೇಗ ಸಿಗಬೇಕು, ಕಚೇರಿಯಿಂದ ಕಚೇರಿಗೆ ಅಲೆದಾಟ ನಿಲ್ಲಬೇಕು, ಎನ್.ಎ. ಮಾಡಿಸುವುದು ಸುಲಭವಾಗಬೇಕು, ಇನ್ನೆರಡು ಮಾಳಿಗೆ ಏರಿಸಲು ಅವಕಾಶ ಬೇಕು ಎಂಬುದು ಅವರ ಬೇಡಿಕೆ. ಈ ಮಾತು ಕಿವಿಗೆ ಬಿದ್ದ ಕೂಡಲೇ ರೈತರಿಗೆ ಅನುಮಾನ ಹುಟ್ಟುತ್ತದೆ. ಸುಧಾರಣೆ ಎಂದರೆ ತಮ್ಮ ಭೂಮಿ ಹೋಗುವ ಹೊಸ ದಾರಿ ಎಂದೇ ಅವರು ತಿಳಿಯುತ್ತಾರೆ. ಎರಡೂ ಕಡೆ ನಮ್ಮವರೇ ಇದ್ದಾರೆ. ಶ್ರಾವಣದ ಪ್ರವಚನದಲ್ಲಿ ಒಂದೇ ಚಾಪೆಯ ಮೇಲೆ ಕೂಡುವವರು ಬುಡಾ ಕಚೇರಿಯ ಮುಂದೆ ಎದುರುಬದುರು ನಿಲ್ಲುತ್ತಾರೆ.

ಈ ಜಗಳದಲ್ಲಿ ನನ್ನ ಅಭಿಪ್ರಾಯ ಇಷ್ಟು. ವ್ಯಾಪಾರಿಗಳ ಬೆಂಬಲವನ್ನು ಸ್ವಾಗತಿಸಬೇಕು, ಏಕೆಂದರೆ ಸರಕಾರ ಅವರ ಮಾತು ಕೇಳುತ್ತದೆ. ಆದರೆ ಅವರು ಏನು ಕೇಳಬೇಕು ಎಂಬುದನ್ನು ನಾವು ಅವರಿಗೆ ಹೇಳಬೇಕು. ತನ್ನ ಸರ್ವೆ ನಂಬರಿಗೊಂದು ವಿನಾಯಿತಿ ಬೇಡುವ ವ್ಯಾಪಾರಿಯಿಂದ ಊರಿಗೆ ಹಾನಿ. ಎಲ್ಲರಿಗೂ ಮೊದಲೇ ಗೊತ್ತಿರುವ, ಎಲ್ಲರಿಗೂ ಒಂದೇ ಆಗಿರುವ ನಕ್ಷೆಯನ್ನು ಬೇಡುವ ವ್ಯಾಪಾರಿಯಿಂದ ರೈತನಿಗೂ ಹಿತ, ಆ ವ್ಯಾಪಾರಿಗೂ ಹಿತ.

ಕಾಯ್ದೆ ಬಂದ ದಾರಿ

ನಮ್ಮ ನಾಡಿನಲ್ಲಿ ನಗರ ಯೋಜನೆ ಹುಟ್ಟಿದ್ದು ಸಾವಿನ ಭಯದಿಂದ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತರು. 1898ರಲ್ಲಿ ಅಲ್ಲಿ ನಗರ ಸುಧಾರಣಾ ಟ್ರಸ್ಟ್ ಆಯಿತು. 1903ರಲ್ಲಿ ಮೈಸೂರಿನಲ್ಲೂ ಅಂಥದೇ ಟ್ರಸ್ಟ್ ಬಂತು. 1915ರಲ್ಲಿ ಮುಂಬಯಿ ಪ್ರಾಂತ ನಗರ ಯೋಜನೆಗೆಂದೇ ಒಂದು ಕಾಯ್ದೆ ಮಾಡಿತು. 1954ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಬೆಳಗಾವಿ ಆಗ ಮುಂಬಯಿಗೆ ಸೇರಿತ್ತು. 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯಕ್ಕೆ ಬಂದೆವು. ಇಡೀ ರಾಜ್ಯಕ್ಕೆ ಒಂದೇ ಕಾನೂನು ಬೇಕೆಂದು 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ ಆಯಿತು. ಅದು ಜಾರಿಗೆ ಬಂದದ್ದು 1965ರಲ್ಲಿ. ಮುಂದೆ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ಕೆಳಗೆ ನಮ್ಮ ಬುಡಾ, ಅಂದರೆ ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ, ಹುಟ್ಟಿತು.

1961ರ ಕಾಯ್ದೆಯ ತಿರುಳು ಸರಳವಾದದ್ದು. ಊರಿಗೆ ಒಂದು ಮಾಸ್ಟರ್ ಪ್ಲ್ಯಾನ್ ಇರಬೇಕು. ಹಳಬರು ಅದನ್ನು ಇನ್ನೂ ಸಿಡಿಪಿ ಎನ್ನುತ್ತಾರೆ. ಮನೆ ಎಲ್ಲಿ, ಕಾರಖಾನೆ ಎಲ್ಲಿ, ಅಂಗಡಿ ಎಲ್ಲಿ, ಹೊಲವಾಗಿಯೇ ಉಳಿಯಬೇಕಾದದ್ದು ಎಲ್ಲಿ ಎಂದು ಅದರಲ್ಲಿ ಬಣ್ಣ ಹಚ್ಚಿ ತೋರಿಸಬೇಕು. ಜನರ ಆಕ್ಷೇಪಣೆ ಕೇಳಬೇಕು. ಹತ್ತು ವರ್ಷಕ್ಕೊಮ್ಮೆ ಅದನ್ನು ಮತ್ತೆ ನೋಡಿ ತಿದ್ದಬೇಕು. ಆಮೇಲೆ ಯಾರೇ ಕಟ್ಟಲಿ, ಯಾರೇ ಲೇಔಟ್ ಮಾಡಲಿ, ಆ ನಕ್ಷೆಗೆ ತಕ್ಕಂತೆ ಮಾಡಬೇಕು. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ತೊಂದರೆ ಬರುವುದು ನಡೆಸುವ ರೀತಿಯಲ್ಲಿ.

ಉದ್ಯಮಿಯ ದೂರು ಸುಳ್ಳಲ್ಲ

ರೈತರ ಪರವಾಗಿ ಮಾತಾಡುವವರು ಉದ್ಯಮಿಗಳ ದೂರನ್ನು ಹಗುರವಾಗಿ ಕಾಣಬಾರದು. ಮಚ್ಛೆ ಕಡೆ ಒಬ್ಬ ಸಣ್ಣ ಉದ್ಯಮಿ ಅರ್ಧ ಎಕರೆಯಲ್ಲಿ ಒಂದು ಶೆಡ್ ಹಾಕಬೇಕೆಂದಿದ್ದಾನೆ ಎಂದುಕೊಳ್ಳಿ. ಪಂಪಿನ ಬಿಡಿಭಾಗ ಎರಕ ಹೊಯ್ಯುವ ಕೆಲಸ, ಹತ್ತು ಹನ್ನೆರಡು ಜನರಿಗೆ ಉದ್ಯೋಗ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆ ಆಗಬೇಕು. ಮಾಸ್ಟರ್ ಪ್ಲ್ಯಾನಿನಲ್ಲಿ ಆ ಜಾಗಕ್ಕೆ ಬೇರೆ ಬಣ್ಣ ಇದ್ದರೆ ಬುಡಾದಿಂದ ಬದಲಾವಣೆ ಆಗಬೇಕು. ಆಮೇಲೆ ಸ್ಥಳೀಯ ಸಂಸ್ಥೆಯ ಕಟ್ಟಡ ಪರವಾನಗಿ, ಕಾರ್ಖಾನೆ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಹೆಸ್ಕಾಂ. ಒಂದು ಕಚೇರಿಯ ಕಾಗದ ಬರದೆ ಇನ್ನೊಂದು ಕಚೇರಿಯ ಫೈಲು ಏಳುವುದಿಲ್ಲ. ಇತ್ತ ಬ್ಯಾಂಕಿನ ಬಡ್ಡಿ ಮಾತ್ರ ಯಾರ ಸಹಿಗೂ ಕಾಯದೆ ಓಡುತ್ತಿರುತ್ತದೆ.

ಕಾಯ್ದೆಯಲ್ಲಿ ಇದಕ್ಕೆ ಮದ್ದು ಇದೆ. ಅರ್ಜಿ ಕೊಟ್ಟ ಮೂರು ತಿಂಗಳೊಳಗೆ ಯೋಜನಾ ಪ್ರಾಧಿಕಾರ ಉತ್ತರ ಕೊಡದಿದ್ದರೆ ಅನುಮತಿ ಸಿಕ್ಕಂತೆಯೇ ಎಂದು 15ನೇ ಕಲಂ ಹೇಳುತ್ತದೆ. ಆದರೆ 'ಸಿಕ್ಕಂತೆ' ಎಂಬ ಅನುಮತಿಯನ್ನು ನಂಬಿ ಯಾರು ಪಾಯ ತೋಡುತ್ತಾರೆ? ಬ್ಯಾಂಕಿನವರು ಕಾಗದ ಕೇಳುತ್ತಾರೆ. ವಿದ್ಯುತ್ ಸಂಪರ್ಕಕ್ಕೆ ಕಾಗದ ಬೇಕು. ಕಾಗದ ಇಲ್ಲದ ಅನುಮತಿ ಪುಸ್ತಕದಲ್ಲೇ ಉಳಿಯಿತು. 2020ರಲ್ಲಿ ರಾಜ್ಯ ಸರಕಾರ ಕೈಗಾರಿಕಾ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದು, ಪ್ರಮಾಣಪತ್ರ ಬರೆದುಕೊಟ್ಟು ಕೆಲಸ ಶುರು ಮಾಡಿ, ಅನುಮತಿಗಳನ್ನು ಮೂರು ವರ್ಷದೊಳಗೆ ಪಡೆದುಕೊಳ್ಳುವ ಅವಕಾಶ ಕೊಟ್ಟಿತು. ಅದನ್ನು ಬಳಸಿಕೊಳ್ಳಲು ಬೇಕಾದ ತಿಳಿವಳಿಕೆ, ವಕೀಲರು, ಕಚೇರಿಗೆ ಓಡಾಡುವ ಆಳು ದೊಡ್ಡ ಕಂಪನಿಗಳಿಗೆ ಇರುತ್ತಾರೆ. ಹತ್ತು ಜನರ ಶೆಡ್ ನಡೆಸುವವನೇ ಮಾಲೀಕ, ಅವನೇ ಗುಮಾಸ್ತ, ಅವನೇ ಓಡಾಡುವವ. ಹೀಗಾಗಿ ವಿಳಂಬದ ಭಾರ ಸಣ್ಣವನ ಹೆಗಲ ಮೇಲೇ ಹೆಚ್ಚು ಬೀಳುತ್ತದೆ.

ವಡಗಾವಿ, ಖಾಸಬಾಗ, ಶಹಾಪುರದ ನೇಕಾರರ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಒಲೆ. ಗಂಡ ನೇಯುತ್ತಾನೆ, ಹೆಂಡತಿ ಕಂಡಿಕೆ ಸುತ್ತುತ್ತಾಳೆ, ವಯಸ್ಸಾದ ತಾಯಿ ನೂಲು ಬಿಡಿಸುತ್ತಾಳೆ. ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ ಇರಬೇಕೆಂಬ ನಿಯಮ ಹೊಗೆ ಉಗುಳುವ ದೊಡ್ಡ ಕಾರಖಾನೆಗಳನ್ನು ಕಂಡ ನಾಡುಗಳಿಂದ ನಮ್ಮಲ್ಲಿಗೆ ಬಂದದ್ದು. ಎರಡು ಪವರ್‌ಲೂಮ್ ಇಟ್ಟ ಮನೆಗೆ ಅದೇ ನಿಯಮ ಹಚ್ಚಿದರೆ ಪೀಳಿಗೆಗಳಿಂದ ನೇಯುತ್ತಿರುವವನು ಒಂದು ಬೆಳಗ್ಗೆ ನಿಯಮಬಾಹಿರನಾಗುತ್ತಾನೆ. ಮಗ್ಗದ ಸದ್ದು ನೆರೆಯವರಿಗೆ ತೊಂದರೆ ಎಂಬುದು ನಿಜ. ಅದಕ್ಕೆ ವೇಳೆಯ ಮಿತಿ, ಸದ್ದಿನ ಮಿತಿ ಹಾಕಿದರೆ ಸಾಕು. ಬಸವಣ್ಣನವರ ಕಾಲದ ಶರಣರು ಮನೆಯಲ್ಲೇ ಕಾಯಕ ಮಾಡಿದವರು. ಮನೆಯ ಜಗುಲಿಯ ಮೇಲಿನ ಕಾಯಕವನ್ನು ತಪ್ಪೆಂದು ಕರೆಯುವ ನಿಯಮ ಬದಲಾಗಲೇಬೇಕು.

ಆದ್ದರಿಂದ ಉದ್ಯಮಿಗಳು ಸುಧಾರಣೆ ಬೇಕೆಂದಾಗ ಅದನ್ನು ಧನಿಕರ ಆಟ ಎಂದು ತಳ್ಳಿಹಾಕುವುದು ಸರಿಯಲ್ಲ.

ವಿನಾಯಿತಿಯ ಅಡ್ಡದಾರಿ

ಆದರೆ ಇಷ್ಟು ವರ್ಷ ಸುಧಾರಣೆಯ ಹೆಸರಲ್ಲಿ ನಾವು ಪಡೆದದ್ದು ಬಹುಮಟ್ಟಿಗೆ ವಿನಾಯಿತಿಗಳನ್ನು. ಕಾಯ್ದೆಯ 14ಎ ಕಲಮನ್ನು ನೋಡಿ. ಮಾಸ್ಟರ್ ಪ್ಲ್ಯಾನ್ ಜಾರಿಯಾದ ಮೇಲೆಯೂ ಜಮೀನಿನ ಮಾಲೀಕ ಕೇಳಿಕೊಂಡರೆ ಅದರ ಬಳಕೆಯನ್ನು ಬದಲಿಸಲು ಅದು ಅವಕಾಶ ಕೊಡುತ್ತದೆ. ಸಾರ್ವಜನಿಕ ಹಿತಕ್ಕೆ ತಕ್ಕದ್ದಾಗಿರಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಸಮಯ ಕೊಡಬೇಕು ಎಂಬ ಷರತ್ತು ಇದೆ. ಆ ಪ್ರಕಟಣೆ ಎಲ್ಲಿ ಬರುತ್ತದೆ? ಒಳಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಸರ್ವೆ ನಂಬರುಗಳ ಸಾಲಿನಲ್ಲಿ. ಯಳ್ಳೂರಿನ ರೈತ ಬೆಳಗ್ಗೆ ಹೊಲಕ್ಕೆ ಹೋಗುವ ಮುಂಚೆ ಅದನ್ನು ಓದುತ್ತಾನೆಯೇ? ತನ್ನ ಹೊಲದ ಮೇಲ್ಭಾಗದ ಜಮೀನು ವಸತಿಗೆ ಬದಲಾಯಿತೆಂದು ಅವನಿಗೆ ತಿಳಿಯುವುದು ಜೆಸಿಬಿ ಬಂದ ದಿನ.

ಹೀಗೆ ಒಂದೊಂದೇ ಸರ್ವೆ ನಂಬರ್ ಬದಲಾಗುತ್ತ ಹೋದರೆ ನಕ್ಷೆ ತೂತು ಬಿದ್ದ ಕಂಬಳಿಯಾಗುತ್ತದೆ. ಪ್ರತಿಯೊಂದು ಬದಲಾವಣೆಯೂ ತನ್ನಷ್ಟಕ್ಕೆ ಸಣ್ಣದು. ಎಲ್ಲ ಸೇರಿದಾಗ ಏನಾಗುತ್ತದೆಂದು ಬೆಳಗಾವಿಯವರಿಗೆ ಬಳ್ಳಾರಿ ನಾಲೆ ಕಲಿಸಿದೆ. ಮಳೆ ಜೋರಾದ ವರ್ಷ ಆ ನಾಲೆಯ ನೀರು ವಡಗಾವಿ, ಶಹಾಪುರ, ಅನಗೋಳ, ಯಳ್ಳೂರು ಕಡೆಯ ಭತ್ತದ ಗದ್ದೆಗಳಲ್ಲಿ ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ನಗರದ ಮನೆಗಳಿಗೂ ನೀರು ನುಗ್ಗಿತು. ನೀರು ಹರಿಯುವ ಜಾಗದಲ್ಲಿ ಮನೆ ಕಟ್ಟಿದರೆ, ಹರಿದು ಬರುವ ನೀರು ಮನೆಯೊಳಗೇ ಬರುತ್ತದೆ. ಮುಂಗಾರು ಯಾರ ಅನುಮತಿ ಪತ್ರವನ್ನೂ ಓದುವುದಿಲ್ಲ.

ಅಕ್ರಮ-ಸಕ್ರಮದ ಕಥೆಯೂ ಇದೇ ಸಾಲಿನದು. ನಿಯಮ ಮುರಿದು ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸರಿ ಎನ್ನಲು ಸರಕಾರ 2014ರಲ್ಲಿ ನಿಯಮ ಹೊರಡಿಸಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2025ರಲ್ಲಿ ಅನಧಿಕೃತ ಲೇಔಟುಗಳ ನಿವೇಶನಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಯಿತು. ಬಾಂಡ್ ಪೇಪರ್ ಮೇಲೆ ಎರಡು ಗುಂಟೆ ಕೊಂಡು, ಇದ್ದಬದ್ದ ಚಿನ್ನ ಅಡವಿಟ್ಟು ಮನೆ ಕಟ್ಟಿದ ಬಡವನನ್ನು ಬೀದಿಗೆ ತಳ್ಳಬೇಕೆಂದು ಯಾರೂ ಹೇಳಲಾರರು. ಅವನಿಗೆ ನೀರು, ದೀಪ, ದಾಖಲೆ ಸಿಗಲಿ. ಆದರೆ ಆ ಪ್ಲಾಟನ್ನು ಮಾರಿದವನ ಮಾತೇನು? ಕಾಯ್ದೆಯ ಪ್ರಕಾರ ಲೇಔಟ್ ಮಾಡುವವನು ರಸ್ತೆ, ಗಟಾರು ಮಾಡಿಸಬೇಕು. ಉದ್ಯಾನ ಮತ್ತು ಬಯಲಿಗೆ ಶೇ 10, ಅದನ್ನೂ ಸೇರಿಸಿ ಸಾರ್ವಜನಿಕ ಸೌಲಭ್ಯಕ್ಕೆ ಒಟ್ಟು ಶೇ 15 ಜಾಗ ಬಿಡಬೇಕು. ಹಾಗೆ ಬಿಟ್ಟವನ ಪ್ಲಾಟಿನ ಬೆಲೆ ಹೆಚ್ಚಾಗುತ್ತದೆ. ಏನೂ ಬಿಡದೆ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಮಾರಿದವನ ಪ್ಲಾಟು ಅಗ್ಗವಾಗಿ ಮೊದಲು ಖಾಲಿಯಾಗುತ್ತದೆ. ಮುಂದೊಂದು ದಿನ ಸರಕಾರವೇ ಬಂದು ಅವನು ಬಿಟ್ಟುಹೋದ ರಸ್ತೆಯನ್ನು ನಮ್ಮ ತೆರಿಗೆಯಲ್ಲಿ ಮಾಡಿಸುತ್ತದೆ. ಹೀಗಾದರೆ ಕಾಯ್ದೆ ಪಾಲಿಸಿದ ವ್ಯಾಪಾರಿಗೆ ಶಿಕ್ಷೆ, ಮುರಿದವನಿಗೆ ಲಾಭ.

ಪ್ರಾಮಾಣಿಕ ವ್ಯಾಪಾರಿಗಳು ವಿನಾಯಿತಿಗಳನ್ನು ವಿರೋಧಿಸಬೇಕಾದ ಕಾರಣ ಇದೇ. ಅಳತೆಗೋಲು ಒಬ್ಬೊಬ್ಬರಿಗೆ ಒಂದೊಂದಾದರೆ ಸಂತೆಯಲ್ಲಿ ಗೆಲ್ಲುವುದು ಕಳ್ಳ ತೂಕದವನು.

ರಸ್ತೆ ಬೇಕು, ಭೂಮಿ ಯಾರದು?

ನಕ್ಷೆಯಲ್ಲಿ ರಸ್ತೆಗೆಂದು ಗೆರೆ ಎಳೆದ ಜಮೀನಿನ ಗತಿ ನೋಡಿ. 69ನೇ ಕಲಮಿನ ಪ್ರಕಾರ ಐದು ವರ್ಷದೊಳಗೆ ಅದನ್ನು ಸ್ವಾಧೀನ ಮಾಡಿಕೊಳ್ಳದಿದ್ದರೆ ಆ ಗೆರೆ ತಾನಾಗಿ ಬಿದ್ದುಹೋಗುತ್ತದೆ. ಪ್ರಾಧಿಕಾರದ ಬಳಿ ದುಡ್ಡಿಲ್ಲ, ಸ್ವಾಧೀನ ಆಗುವುದಿಲ್ಲ. ಐದು ವರ್ಷ ಆ ರೈತ ಮಾರಲೂ ಆಗದೆ, ಕಟ್ಟಲೂ ಆಗದೆ ಕೂಡುತ್ತಾನೆ. ಗೆರೆ ಬಿದ್ದುಹೋದ ಮೇಲೆ ಅಲ್ಲಿ ಮನೆಗಳೇಳುತ್ತವೆ. ಆಮೇಲೆ ಅದೇ ರಸ್ತೆ ಬೇಕೇ ಬೇಕು ಎನ್ನುವ ಕಾಲ ಬರುತ್ತದೆ.

ಅವಸರ ಮಾಡಿದರೂ ಒಳ್ಳೆಯದಾಗುವುದಿಲ್ಲ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಬೆಳಗಾವಿಯ ಹೆಸರು ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಶಹಾಪುರದ ಬ್ಯಾಂಕ್ ಆಫ್ ಇಂಡಿಯಾ ಕಡೆಯಿಂದ ಹಳೆ ಪಿ.ಬಿ. ರಸ್ತೆಗೆ ಸೇರುವ ರಸ್ತೆಯಲ್ಲಿ ಭೂಸ್ವಾಧೀನದ ಕ್ರಮವಿಲ್ಲದೆ ಖಾಸಗಿ ಜಾಗ ಬಳಸಿದ್ದು ಹೈಕೋರ್ಟ್ ಮೆಟ್ಟಿಲೇರಿತು. 2024ರಲ್ಲಿ ಪಾಲಿಕೆಯ ಮುಂದೆ 20 ಕೋಟಿ ರೂಪಾಯಿ ಪರಿಹಾರದ ಹೊರೆ ಬಂದು, ಕೊನೆಗೆ ಜಾಗವನ್ನೇ ಮಾಲೀಕರಿಗೆ ಮರಳಿಸುವ ತೀರ್ಮಾನಕ್ಕೆ ಬರಬೇಕಾಯಿತು. ಕಾಯ್ದೆಯ ಒಂದು ಮೆಟ್ಟಿಲು ಹಾರಿದ್ದಕ್ಕೆ ಊರೆಲ್ಲ ಬೆಲೆ ತೆತ್ತಿತು.

ಹಲಗಾ-ಮಚ್ಛೆ ಬೈಪಾಸಿನ ನೋವು ಇನ್ನೂ ಹಸಿಯಾಗಿದೆ. ಬಾಸುಮತಿ ಬೆಳೆಯುವ ಫಲವತ್ತಾದ ಜಮೀನು, ನಿಂತ ಬೆಳೆಯ ಮೇಲೆ ಯಂತ್ರ, ವರ್ಷಗಟ್ಟಲೆ ಕೋರ್ಟು ಕಚೇರಿ. ಇಂಥ ಸ್ವಾಧೀನದಲ್ಲಿ ಆಗುವ ಅನ್ಯಾಯವನ್ನು ಸರಳವಾಗಿ ಹೇಳಬಹುದು. ರಸ್ತೆ ಯಾರ ಹೊಲದೊಳಗೆ ಹಾಯ್ದಿತೋ ಅವನು ಎಲ್ಲವನ್ನೂ ಕಳೆದುಕೊಂಡ. ಪಕ್ಕದ ಹೊಲದವನ ಭೂಮಿಗೆ ಒಂದೇ ರಾತ್ರಿಯಲ್ಲಿ ಹತ್ತು ಪಟ್ಟು ಬೆಲೆ ಬಂತು. ಅಣ್ಣತಮ್ಮಂದಿರ ನಡುವೆಯೇ ಇಂಥ ಭೇದ ಬಿದ್ದ ಮನೆಗಳಿವೆ.

ಇದಕ್ಕೆ ಬೇರೆ ದಾರಿ ನಮ್ಮ ಕಾಯ್ದೆಯಲ್ಲೇ ಇದೆ. ಹಳೆಯ ಮುಂಬಯಿ ಕಾಯ್ದೆಯಿಂದ ಬಂದ ನಗರ ಯೋಜನಾ ಸ್ಕೀಮಿನ ಅಧ್ಯಾಯ 1961ರ ಕಾಯ್ದೆಯಲ್ಲೂ ಉಂಟು. ಒಂದು ಪ್ರದೇಶದ ಎಲ್ಲ ಜಮೀನುಗಳನ್ನು ಲೆಕ್ಕಕ್ಕೆ ಒಟ್ಟುಗೂಡಿಸಿ, ರಸ್ತೆ, ಗಟಾರು, ಶಾಲೆ, ಉದ್ಯಾನಕ್ಕೆ ಎಲ್ಲರ ಪಾಲಿನಿಂದಲೂ ಒಂದಿಷ್ಟು ತೆಗೆದು, ಉಳಿದದ್ದನ್ನು ಚೊಕ್ಕ ಮಾಡಿ ಅವರವರಿಗೆ ಹಿಂತಿರುಗಿಸುವುದು ಆ ಪದ್ಧತಿ. ಜಾಗ ಕಡಿಮೆಯಾಗುತ್ತದೆ, ಆದರೆ ರಸ್ತೆ, ನೀರು ಬಂದದ್ದರಿಂದ ಬೆಲೆ ಏರುತ್ತದೆ. ಎಲ್ಲರೂ ಕೊಡುತ್ತಾರೆ, ಎಲ್ಲರಿಗೂ ಸಿಗುತ್ತದೆ. ಹಳೆಯ ಮುಂಬಯಿ ರಾಜ್ಯದ ಇನ್ನೊಂದು ಭಾಗವಾಗಿದ್ದ ಗುಜರಾತ್ ಈ ಪದ್ಧತಿಯನ್ನು ಬಿಡದೆ ಬೆಳೆಸಿಕೊಂಡಿತು. ಅಹಮದಾಬಾದಿನ ಬಹುಭಾಗ ಹೀಗೆಯೇ ಬೆಳೆದದ್ದು. 2001ರ ಜನವರಿ 26ರ ಭೂಕಂಪದಲ್ಲಿ ನೆಲಸಮವಾದ ಭುಜ್ ಪಟ್ಟಣದ ಇಕ್ಕಟ್ಟಿನ ಓಣಿಗಳನ್ನು ಇದೇ ಪದ್ಧತಿಯಿಂದ ಅಗಲ ಮಾಡಿ ಪಟ್ಟಣವನ್ನು ಮತ್ತೆ ಕಟ್ಟಿದರು. ನಾವು ಅದೇ ಅಧ್ಯಾಯವನ್ನು ಪುಸ್ತಕದಲ್ಲಿ ಇಟ್ಟುಕೊಂಡು ಸ್ವಾಧೀನ ಮತ್ತು ಖಾಸಗಿ ಲೇಔಟ್ ಎಂಬ ಎರಡೇ ದಾರಿ ಹಿಡಿದೆವು.

ಈ ಪದ್ಧತಿಯಲ್ಲೂ ಎಚ್ಚರ ಬೇಕು. ಇಪ್ಪತ್ತು ಗುಂಟೆಯ ರೈತನ ಕೈಗೆ ಹನ್ನೆರಡು ಗುಂಟೆ ಬಂದರೆ ಅವನು ಪ್ಲಾಟಿನ ಮಾಲೀಕನಾಗುತ್ತಾನೆ, ಒಕ್ಕಲುತನ ಮುಗಿಯುತ್ತದೆ. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಯಾವ ಪ್ಲಾಟೂ ಸಿಗುವುದಿಲ್ಲ. ಆದ್ದರಿಂದ ಪಟ್ಟಣ ಈಗಾಗಲೇ ಬಂದು ಮುಟ್ಟಿದ ಕಡೆ ಮಾತ್ರ, ರೈತರ ಒಪ್ಪಿಗೆ ಪಡೆದು, ಭೂಮಿ ಇಲ್ಲದವರ ಮನೆಗೂ ಒಂದು ಪಾಲು ತೆಗೆದಿಟ್ಟು ಇದನ್ನು ಮಾಡಬೇಕು. ಭತ್ತ ಬೆಳೆಯುವ ಗದ್ದೆಯನ್ನು ಗದ್ದೆಯಾಗಿಯೇ ಬಿಡಬೇಕು.

ಖಾನಾಪುರಕ್ಕೆ ಇನ್ನೂ ಸಮಯವಿದೆ

ಪೀರನವಾಡಿ, ಮಚ್ಛೆ, ಝಾಡಶಹಾಪುರ, ಪ್ರಭುನಗರ, ಇದ್ದಲಹೊಂಡ ಹೀಗೆ ಖಾನಾಪುರದ ರಸ್ತೆಯುದ್ದಕ್ಕೂ ಬೆಳಗಾವಿ ಕಾಲು ಚಾಚುತ್ತಿದೆ. 2011ರ ಜನಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ 4.88 ಲಕ್ಷ, ಸುತ್ತಲಿನ ಊರು ಸೇರಿದರೆ 6.10 ಲಕ್ಷ. ಅಂದೇ ಊರಿನ ಐದರಲ್ಲೊಂದು ಪಾಲು ಪಾಲಿಕೆಯ ಗಡಿಯಾಚೆ ಇತ್ತು. ಆದರೆ ಖಾನಾಪುರ ತಾಲೂಕಿನ ಬಹುಪಾಲು ಹಳ್ಳಿಗಳು ಬುಡಾ ವ್ಯಾಪ್ತಿಯ ಹೊರಗಿವೆ. ಅಲ್ಲಿ ಊರು ಹೇಗೆ ಬೆಳೆಯಬೇಕು ಎಂಬ ನಕ್ಷೆಗಿಂತ ಮೊದಲು ಎನ್.ಎ. ಅರ್ಜಿ ಬರುತ್ತದೆ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಲಾಯಿತು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಯಿತು. ಉದ್ಯಮ ವಲಯ ಅದನ್ನು ಸ್ವಾಗತಿಸಿತು, ರೈತ ಸಂಘಟನೆಗಳು ವಿರೋಧಿಸಿದವು. ಅದರ ಸರಿತಪ್ಪು ಬೇರೆ ಚರ್ಚೆ. ಇಲ್ಲಿ ಹೇಳಬೇಕಾದದ್ದು ಒಂದೇ: ಭೂಮಿ ಕೊಳ್ಳುವ ಬಾಗಿಲು ತೆರೆದರು, ಕೊಂಡ ಭೂಮಿಯಲ್ಲಿ ಏನು ಮಾಡಬಹುದು ಎಂಬ ನಕ್ಷೆ ಮಾಡಲಿಲ್ಲ. ಜಾಂಬೋಟಿ, ಕಣಕುಂಬಿ ಕಡೆ ತಂಪು ಗಾಳಿ ಅರಸಿ ಬರುವ ಹಣಕ್ಕೆ ಬೆಟ್ಟದ ಇಳಿಜಾರು ಚೆಂದ ಕಾಣುತ್ತದೆ. ಆದರೆ ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಅಲ್ಲಿಂದ ಖಾನಾಪುರದ ಮೇಲೆ ಹಾಯ್ದು ಸವದತ್ತಿ ಹತ್ತಿರದ ನವಿಲುತೀರ್ಥ ಜಲಾಶಯ ಸೇರುವ ಆ ನೀರನ್ನೇ ಹುಬ್ಬಳ್ಳಿ-ಧಾರವಾಡ ಕುಡಿಯುತ್ತದೆ, ಆ ನೀರಿನಿಂದಲೇ ಕೆಳಗಿನ ಹೊಲಗಳು ಬದುಕುತ್ತವೆ. ಮೇಲೆ ಗುಡ್ಡ ಕಡಿದರೆ ಬೆಲೆ ತೆರುವವರು ಕೆಳಗಿನವರು.

ಖಾನಾಪುರದವರ ಮನಸ್ಸಿನಲ್ಲಿ ಇನ್ನೊಂದು ಭಯವೂ ಇದೆ. ಭೀಮಗಡ ವನ್ಯಧಾಮ, ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಎಂಬ ಮಾತು ಬಂದಾಗಲೆಲ್ಲ ಮಗನಿಗೊಂದು ಮನೆ ಕಟ್ಟಲೂ ಆಗದೇನೋ ಎಂದು ಹಳ್ಳಿಯವರು ಹೆದರುತ್ತಾರೆ. ಅವರ ಭಯಕ್ಕೆ ಕಾರಣವಿದೆ. ಬೇಡ ಎನ್ನುವ ಕಾಗದ ಅವರಿಗೆ ಬೇಗ ಬರುತ್ತದೆ. ಇಲ್ಲಿ ಕಟ್ಟಬಹುದು ಎನ್ನುವ ಕಾಗದ ಬರುವುದೇ ಇಲ್ಲ. ಒಳ್ಳೆಯ ನಕ್ಷೆ ಎರಡನ್ನೂ ಹೇಳುತ್ತದೆ. ಗಾಂವಠಾಣದ ಸುತ್ತ ಮುಂದಿನ ಇಪ್ಪತ್ತು ವರ್ಷಕ್ಕೆ ಊರಿನವರ ಮನೆಗಳಿಗೆ ಇಷ್ಟು ಜಾಗ, ಹೆಂಚು ಮತ್ತು ಇಟ್ಟಿಗೆ ಭಟ್ಟಿಗಳಿಗೆ ಇಲ್ಲಿ ಜಾಗ, ನದಿ ಹಳ್ಳದ ದಂಡೆಯಿಂದ ಇಷ್ಟು ದೂರ ಯಾರಿಗೂ ಇಲ್ಲ ಎಂದು ಅದು ಸ್ಪಷ್ಟವಾಗಿ ಬರೆಯುತ್ತದೆ. ಹೆಂಚು, ಕುಂಬಾರಿಕೆಗೆ ಹೆಸರಾದ ಊರು ಖಾನಾಪುರ. ಖಾದಿ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಅಲ್ಲೇ ಇದೆ. ಮಣ್ಣು ಎಲ್ಲಿ ತೆಗೆಯಬೇಕು, ಭಟ್ಟಿ ಎಲ್ಲಿ ಇರಬೇಕು ಎಂಬುದು ಆ ಕಾಯಕದವರಿಗೆ ಜೀವನದ ಪ್ರಶ್ನೆ.

ಪಟ್ಟಣಗಳ ಯೋಜನೆಯನ್ನೂ ಪಂಚಾಯತಿಗಳ ಯೋಜನೆಯನ್ನೂ ಒಂದುಗೂಡಿಸಲು ಪ್ರತಿ ಜಿಲ್ಲೆಗೊಂದು ಜಿಲ್ಲಾ ಯೋಜನಾ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಅದು 1993ರಿಂದ ಜಾರಿಯಲ್ಲಿದೆ. ಬೆಳಗಾವಿಯಿಂದ ಖಾನಾಪುರದವರೆಗಿನ ಪಟ್ಟಿಗೆ ಒಂದೇ ನಕ್ಷೆ ಮಾಡುವ ಕೆಲಸ ಆ ಸಮಿತಿಗೆ ತಕ್ಕದ್ದು. ಬೆಳಗಾವಿಯಲ್ಲಿ ನಾವು ಮನೆ ಎದ್ದ ಮೇಲೆ ರಸ್ತೆ ಹುಡುಕಿದೆವು. ಖಾನಾಪುರದಲ್ಲಿ ಮೊದಲು ರಸ್ತೆಯ ಗೆರೆ ಎಳೆಯಲು ಇನ್ನೂ ಸಮಯವಿದೆ.

ವ್ಯಾಪಾರಿಗಳು ಏನು ಕೇಳಬೇಕು

ಬೆಳಗಾವಿಯ ವಾಣಿಜ್ಯ ಸಂಘಟನೆಗಳಲ್ಲಿ, ಕೈಗಾರಿಕಾ ಸಂಘಗಳಲ್ಲಿ ನಮ್ಮ ಓದುಗರು ಬಹಳ ಜನ ಇದ್ದಾರೆ. ಮುಂದಿನ ಸಲ ಮಂತ್ರಿಗಳಿಗೆ ಮನವಿ ಕೊಡುವಾಗ ಈ ಐದು ಮಾತುಗಳನ್ನು ಸೇರಿಸಬೇಕೆಂದು ಅವರಲ್ಲಿ ಕೇಳಿಕೊಳ್ಳುತ್ತೇನೆ.

ಒಂದು, ಹತ್ತು ವರ್ಷಕ್ಕೊಮ್ಮೆ ನಕ್ಷೆ ತಿದ್ದುವ ಕೆಲಸ ತಪ್ಪದೆ ಆಗಲಿ. ಸರ್ವೆ ನಂಬರ್ ಕಾಣುವಂತೆ ಅದನ್ನು ಪ್ರತಿ ಪಂಚಾಯತಿಯ ಗೋಡೆಯ ಮೇಲೆ ಹಚ್ಚಲಿ. ಗಡಿಭಾಗದ ಹಳ್ಳಿಗಳಲ್ಲಿ ಮರಾಠಿ ಓದುವ ರೈತನಿಗೂ ತಿಳಿಯುವಂತೆ ಅದರ ವಿವರಣೆ ಇರಲಿ. ಭೂಮಿ ಕಳೆದುಕೊಳ್ಳುವವನಿಗೆ ಅರ್ಥವಾಗದ ನೋಟಿಸು ನೋಟಿಸೇ ಅಲ್ಲ.

ಎರಡು, ಮೂರು ತಿಂಗಳ ಅವಧಿ ಮುಗಿದ ದಿನ ಅನುಮತಿಯ ಕಾಗದ ಕಂಪ್ಯೂಟರಿನಿಂದ ತಾನಾಗಿ ಹೊರಬರಲಿ. ಆದರೆ ನಕ್ಷೆಗೆ ಹೊಂದುವ ಅರ್ಜಿಗೆ ಮಾತ್ರ. ಅದೇ ರೀತಿ ಆಕ್ಷೇಪಣೆ ಸಲ್ಲಿಸಿದ ರೈತನಿಗೂ ಲಿಖಿತ ಉತ್ತರ ಕೊಡದೆ ಫೈಲು ಮುಂದೆ ಹೋಗದಿರಲಿ. ವ್ಯಾಪಾರಿಯ ಸಮಯಕ್ಕೆ ಬೆಲೆ ಇದ್ದಂತೆ ರೈತನ ಮಾತಿಗೂ ಬೆಲೆ ಇರಬೇಕು.

ಮೂರು, 14ಎ ಕಲಮಿನ ಪ್ರತಿ ಬದಲಾವಣೆಯ ಪ್ರಸ್ತಾಪ ಗ್ರಾಮಸಭೆಯಲ್ಲಿ ಓದಿ ಹೇಳಲಿ. ವರ್ಷಕ್ಕೊಮ್ಮೆ ಯಾವ ಸರ್ವೆ ನಂಬರ್, ಯಾರ ಅರ್ಜಿ, ಯಾವ ಕಾರಣ ಎಂಬ ಪಟ್ಟಿ ಹೊರಬರಲಿ. ನಾಲೆ, ಕೆರೆ, ಹಳ್ಳದ ದಂಡೆಗೆ ಈ ಕಲಂ ತಾಕದಿರಲಿ.

ನಾಲ್ಕು, ಮನೆಯಲ್ಲಿ ನಡೆಯುವ ಸಣ್ಣ ಕಾಯಕಗಳಿಗೆ ವಸತಿ ವಲಯದಲ್ಲೇ ನ್ಯಾಯವಾದ ಜಾಗ ಸಿಗಲಿ.

ಐದು, ಪಟ್ಟಣದ ಅಂಚಿನಲ್ಲಿ ರಸ್ತೆ, ಉದ್ಯಾನಕ್ಕೆ ಭೂಮಿ ಬೇಕಾದಾಗ ಒಬ್ಬನ ಹೊಲವನ್ನು ಕಿತ್ತುಕೊಳ್ಳುವ ಬದಲು ಎಲ್ಲರೂ ಪಾಲು ಕೊಡುವ ಸ್ಕೀಮನ್ನು ಒಂದು ಕಡೆಯಾದರೂ ಮಾಡಿ ತೋರಿಸಲಿ.

ಇವುಗಳಲ್ಲಿ ಯಾವುದೂ ವ್ಯಾಪಾರಕ್ಕೆ ವಿರೋಧವಾದದ್ದಲ್ಲ. ನಾಳೆ ತನ್ನ ಶೆಡ್ಡಿನ ಪಕ್ಕ ಏನು ಬರುತ್ತದೆ, ಮುಂದಿನ ರಸ್ತೆ ಎಷ್ಟು ಅಗಲ ಇರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಉದ್ಯಮಿ ಧೈರ್ಯದಿಂದ ಬಂಡವಾಳ ಹಾಕುತ್ತಾನೆ. ತನ್ನ ಹೊಲ ಇಪ್ಪತ್ತು ವರ್ಷ ಹೊಲವಾಗಿಯೇ ಇರುತ್ತದೆ ಎಂದು ಗೊತ್ತಿದ್ದರೆ ರೈತ ಬಾವಿ ತೋಡುತ್ತಾನೆ, ಗಿಡ ನೆಡುತ್ತಾನೆ. ಇಬ್ಬರಿಗೂ ಬೇಕಾದದ್ದು ಇಂದಿನ ಮಾತು ನಾಳೆಯೂ ನಿಲ್ಲುತ್ತದೆ ಎಂಬ ಭರವಸೆ.

ಮಠಗಳ ಪಾಲಿನ ಕೆಲಸ

ಇಲ್ಲಿ ನಮ್ಮ ಕಡೆ ನಾವು ನೋಡಿಕೊಳ್ಳದಿದ್ದರೆ ಮಾತಿಗೆ ತೂಕ ಬರುವುದಿಲ್ಲ. ಮಠಗಳಿಗೆ ಜಮೀನಿದೆ. ನಮ್ಮ ಸಮಾಜದ ವಿದ್ಯಾಸಂಸ್ಥೆಗಳೂ ಕಲ್ಯಾಣ ಮಂಟಪಗಳೂ ಕಟ್ಟಡ ಕಟ್ಟುತ್ತವೆ, ಭೂಪರಿವರ್ತನೆ ಕೇಳುತ್ತವೆ. ಧರ್ಮದ ಕೆಲಸ ಎಂಬ ಕಾರಣಕ್ಕೆ ನಕ್ಷೆಯಿಂದ ವಿನಾಯಿತಿ ಕೇಳುವ ಅಭ್ಯಾಸವನ್ನು ನಾವೇ ಮೊದಲು ಬಿಡಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಇದ್ದಲ್ಲಿಗೇ ಸುರಿದು ಬನ್ನಿ ಎಂದರು. ಅಕ್ಕಿಗೆ ಇದ್ದ ಆ ನಿಯಮ ಗುಂಟೆಗೂ ಎಕರೆಗೂ ಇರಲಿ.

ಸಮಾಜದ ಹಿತಕ್ಕಾಗಿ ವ್ಯಾಪಾರಿಗಳ ಹಣ ಮತ್ತು ಮಾತು ಎರಡೂ ಬಂದ ಪರಂಪರೆ ಬೆಳಗಾವಿಯಲ್ಲಿದೆ. 1916ರಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಲು ಹೊರಟಾಗ ದಾನಿಗಳು ಕೈಹಿಡಿಯದಿದ್ದರೆ ಅದು ಬೆಳೆಯುತ್ತಿರಲಿಲ್ಲ. ಕೊಟ್ಟವರು ತಮ್ಮ ಮನೆಯ ಮಕ್ಕಳಿಗಷ್ಟೇ ಶಾಲೆ ಕೇಳಲಿಲ್ಲ. ಊರಿನ ನಕ್ಷೆಯ ವಿಷಯದಲ್ಲೂ ಅದೇ ಮನಸ್ಸು ಬೇಕಾಗಿದೆ.

ಮಠಗಳು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ವರ್ಷಕ್ಕೆರಡು ಸಲ ಮಠದ ಸಭಾಭವನದಲ್ಲಿ ನಕ್ಷೆ ಓದುವ ಸಭೆ ಸೇರಲಿ. ರೈತ, ನೇಕಾರ, ಗುತ್ತಿಗೆದಾರ, ಕೂಲಿಯವ, ಯೋಜನಾ ಇಲಾಖೆಯ ಅಧಿಕಾರಿ ಎಲ್ಲರೂ ಸಮನಾಗಿ ಕುಳಿತು ಮಾತಾಡಲಿ. ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ ಕೂಡಿ ಕುಳಿತಿದ್ದರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಇಂದು ಹಾಗೆ ಕೂಡಲು ಇದಕ್ಕಿಂತ ಒಳ್ಳೆಯ ಕಾರಣ ಸಿಗಲಿಕ್ಕಿಲ್ಲ. ಸ್ವಾಮೀಜಿಗಳು ಕರೆದರೆ ಅಧಿಕಾರಿಗಳು ಬರುತ್ತಾರೆ, ಬಿಲ್ಡರುಗಳೂ ಬರುತ್ತಾರೆ.

ಅಲ್ಲಿಯವರೆಗೆ ಪ್ರತಿಯೊಬ್ಬ ಓದುಗರೂ ಮಾಡಬಹುದಾದದ್ದು ಇಷ್ಟು. ದಿನಪತ್ರಿಕೆಯ ಮೂಲೆಯಲ್ಲಿ ಭೂಬಳಕೆ ಬದಲಾವಣೆಯ ಪ್ರಕಟಣೆ ಕಂಡರೆ ಅದನ್ನು ಕತ್ತರಿಸಿ ನಿಮ್ಮ ಊರಿನ ಮಠದ ಫಲಕದ ಮೇಲೆ ಹಚ್ಚಿ. ಸಂಜೆ ಪ್ರಾರ್ಥನೆಗೆ ಬಂದವರಿಗೆ ಸರ್ವೆ ನಂಬರ್ ಓದಿ ಹೇಳಿ. ಆಕ್ಷೇಪಣೆಗೆ 15 ದಿನಗಳಿರುತ್ತವೆ. ಅಷ್ಟು ದಿನ ಸಾಕು, ಸುದ್ದಿ ತಲುಪಿದರೆ.